ಲಿಂಕ್ ಸತ್ತರೂ ಪೋರ್ಟ್ ದೀಪ ಆರಲ್ಲ: ಬಿಎಫ್‌ಡಿ ಟೈಮರ್ ಎಷ್ಟಿಡಬೇಕು?

ಪ್ರಶ್ನೆ: ನಮ್ಮ ಎರಡು ಕಚೇರಿಗಳ ನಡುವೆ ಎರಡು ಲಿಂಕ್ ಇವೆ. ಎರಡೂ ಸರ್ವಿಸ್ ಪ್ರೊವೈಡರ್ ಕೊಟ್ಟ ಈಥರ್ನೆಟ್ ಸರ್ಕ್ಯೂಟ್‌ಗಳು, ಮೇಲೆ ಒಎಸ್‌ಪಿಎಫ್ (ರೂಟರ್‌ಗಳು ದಾರಿ ಕಂಡುಕೊಳ್ಳುವ ಪ್ರೋಟೋಕಾಲ್) ಓಡುತ್ತಿದೆ. ಒಮ್ಮೆ ಮುಖ್ಯ ಲಿಂಕ್ ಮಧ್ಯದಲ್ಲೆಲ್ಲೋ ಕಟ್ ಆಯಿತು. ಎರಡೂ ಕಡೆ ಪೋರ್ಟ್ ಮಾತ್ರ ಅಪ್ ಎಂದೇ ತೋರಿಸುತ್ತಿತ್ತು. ಬ್ಯಾಕಪ್‌ಗೆ ಹೋಗಲು 40 ಸೆಕೆಂಡ್ ಹತ್ತಿರ ಹಿಡಿಯಿತು. ರೂಟರ್‌ಗಳು ಒಂದಕ್ಕೊಂದು ಕಳಿಸುವ ಒಎಸ್‌ಪಿಎಫ್ ಹಲೋ ಪ್ಯಾಕೆಟ್‌ನ ಟೈಮರನ್ನು 1 ಸೆಕೆಂಡಿಗೆ ಇಳಿಸಿದೆ. ಆಮೇಲೆ ಲಿಂಕ್ ಸತ್ತದ್ದನ್ನು ಬೇಗ ಪತ್ತೆ ಮಾಡುವ ಬಿಎಫ್‌ಡಿಯನ್ನೂ ಹಾಕಿದೆ: 50 ಮಿಲಿಸೆಕೆಂಡ್, ಮಲ್ಟಿಪ್ಲೈಯರ್ 3. ಈಗ ರಾತ್ರಿ ಹೊತ್ತು ವಾರಕ್ಕೆ ಎರಡು ಮೂರು ಸಲ ನೇಬರ್ (ಎದುರಿನ ರೂಟರ್ ಜೊತೆಗಿನ ಒಎಸ್‌ಪಿಎಫ್ ಸಂಬಂಧ) ಬಿದ್ದು ಏಳುತ್ತಿದೆ. ಲಿಂಕ್ ಸರಿಯಾಗಿಯೇ ಇದೆ ಅಂತಾರೆ ಪ್ರೊವೈಡರ್. ಇನ್ನೊಂದು ವಿಚಿತ್ರ: ನಮ್ಮ ಸ್ವಿಚ್‌ನಲ್ಲಿ ಆ ಲಿಂಕ್‌ನ ವಿಲ್ಯಾನ್ (ಸ್ವಿಚ್ ಒಳಗೆ ಬೇರ್ಪಡಿಸಿದ ಜಾಲ) ತೆಗೆದು ಬೇಕೆಂದೇ ಲಿಂಕ್ ಕಡಿದು ನೋಡಿದರೆ, ಈಗಲೂ 5-6 ಸೆಕೆಂಡ್ ಪಿಂಗ್ ನಿಲ್ಲುತ್ತದೆ. ಬಿಎಫ್‌ಡಿ ತೆಗೆದುಬಿಡಲಾ? ಇಲ್ಲವಾದರೆ ಟೈಮರ್ ಎಷ್ಟಿಡಬೇಕು? ಬಿಜಿಪಿಗೂ (ಜಾಲಗಳ ನಡುವೆ ದಾರಿ ಹಂಚಿಕೊಳ್ಳುವ ಪ್ರೋಟೋಕಾಲ್) ಹಾಕಬೇಕಾ?

ಉತ್ತರ: ತೆಗೆಯಬೇಡಿ. ಇಂದೇ 300 ಮಿಲಿಸೆಕೆಂಡ್, ಮಲ್ಟಿಪ್ಲೈಯರ್ 3 ಮಾಡಿ. ಎರಡೂ ಕಡೆ. ಹಲೋ ಟೈಮರನ್ನು ಮೊದಲಿದ್ದಂತೆ 10 ಮತ್ತು 40ಕ್ಕೆ ವಾಪಸ್ ಒಯ್ಯಿರಿ. ಇವತ್ತಿನ ಮಟ್ಟಿಗೆ ಇಷ್ಟು ಸಾಕು. ಆದರೆ ನೀವು ಕೇಳಿದ್ದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ರಾತ್ರಿ ಬೀಳುವುದು ಒಂದು, 5-6 ಸೆಕೆಂಡ್ ಇನ್ನೊಂದು. ಎರಡನೆಯದಕ್ಕೂ ಬಿಎಫ್‌ಡಿಗೂ ಸಂಬಂಧವೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು, 40 ಸೆಕೆಂಡ್ ಎಲ್ಲಿಂದ ಬಂತು ಅಂತ ನೋಡೋಣ. ಎರಡು ರೂಟರ್‌ಗಳ ನಡುವೆ ನೇರವಾಗಿ ಒಂದೇ ಫೈಬರ್ ಇದ್ದರೆ, ಅದು ಕತ್ತರಿಸಿದ ಕೂಡಲೇ ಬೆಳಕು ನಿಲ್ಲುತ್ತದೆ, ಪೋರ್ಟ್ ಡೌನ್ ಆಗುತ್ತದೆ. ಅಲ್ಲಿ ರೂಟಿಂಗ್ ಪ್ರೋಟೋಕಾಲ್ ಯಾವ ಟೈಮರ್‌ಗೂ ಕಾಯಬೇಕಿಲ್ಲ. ನಿಮ್ಮಲ್ಲಿ ಹಾಗಿಲ್ಲ. ನಿಮ್ಮ ರೂಟರ್‌ನ ವೈರ್ ಹೋಗುವುದು ಪಕ್ಕದ ಸ್ವಿಚ್‌ಗೆ ಅಥವಾ ಪ್ರೊವೈಡರ್ ಇಟ್ಟ ಡಬ್ಬಿಗೆ. ಆ ಚಿಕ್ಕ ತುಂಡು ಚೆನ್ನಾಗೇ ಇದೆ, ದೀಪ ಉರಿಯುತ್ತಲೇ ಇದೆ. ಆಚೆ ಎಷ್ಟೋ ದೂರದಲ್ಲಿ ಕಟ್ ಆದದ್ದನ್ನು ಹೇಳುವವರು ಯಾರೂ ಇಲ್ಲ. ಆಗ ಒಎಸ್‌ಪಿಎಫ್ ನಂಬಿಕೊಳ್ಳುವುದು ತನ್ನ ಹಲೋಗಳನ್ನು ಮಾತ್ರ. ಸಾಮಾನ್ಯ ಲಿಂಕ್‌ಗಳಲ್ಲಿ 10 ಸೆಕೆಂಡಿಗೊಂದು ಹಲೋ, 40 ಸೆಕೆಂಡ್ ಬರದಿದ್ದರೆ ನೇಬರ್ ಸತ್ತ ಎಂದು ಲೆಕ್ಕ. ಬಿಜಿಪಿಯಲ್ಲಿ ಇದು ಇನ್ನೂ ನಿಧಾನ. ಸಿಸ್ಕೋದಲ್ಲಿ ಹೋಲ್ಡ್ ಟೈಮ್ 180 ಸೆಕೆಂಡ್, ಜುನಿಪರ್‌ನಲ್ಲಿ 90. ಕೈಯಾರೆ ಬರೆದಿಟ್ಟ ಸ್ಟ್ಯಾಟಿಕ್ ರೂಟ್ ಅಂತೂ ಪೋರ್ಟ್ ಅಪ್ ಇರುವ ತನಕ ಗೋಡೆಗೆ ಪ್ಯಾಕೆಟ್ ಎಸೆಯುತ್ತಲೇ ಇರುತ್ತದೆ.

ಹಲೋ ಇಳಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನಾನೂ ಮಾಡಿದ್ದೇನೆ. ಆದರೆ ಹಲೋ ಬರೀ ‘ಬದುಕಿದ್ದೀಯಾ’ ಎಂದು ಕೇಳುವ ಪ್ಯಾಕೆಟ್ ಅಲ್ಲ. ಅದರಲ್ಲಿ ಏರಿಯಾ, ನೇಬರ್ ಪಟ್ಟಿ, ಡಿಆರ್ (ಆ ಲಿಂಕ್‌ನ ಮುಖ್ಯ ರೂಟರ್) ಆಯ್ಕೆ ಎಲ್ಲ ಇರುತ್ತದೆ. ಪ್ರತಿಯೊಂದನ್ನೂ ರೂಟಿಂಗ್ ಪ್ರೋಸೆಸ್ ಬಿಚ್ಚಿ ಓದಬೇಕು. ಅದೇ ಪ್ರೋಸೆಸ್‌ಗೆ ದೊಡ್ಡ ಲೆಕ್ಕವೊಂದು ಬಂದು ಕೂತರೆ ಹಲೋ ಸರದಿಯಲ್ಲಿ ನಿಂತು ತಡವಾಗುತ್ತದೆ. ಒಂದೇ ಲಿಂಕ್ ಮೇಲೆ ಒಎಸ್‌ಪಿಎಫ್, ಬಿಜಿಪಿ ಎರಡೂ ಇದ್ದರೆ ಎರಡಕ್ಕೂ ಬೇರೆ ಬೇರೆ ವೇಗದ ಹಲೋ ಬೇರೆ. ಈ ಜಂಜಾಟ ತಪ್ಪಿಸಲೆಂದೇ ಬಿಎಫ್‌ಡಿ ಬಂದದ್ದು. 2010ರ ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡದ ದಾಖಲೆ) 5880ರಲ್ಲಿ ಅದರ ವಿವರ ಇದೆ. ಕೆಲಸ ಒಂದೇ: ಆಚೆಯವನು ಇದ್ದಾನಾ ಇಲ್ಲವಾ ಎಂದು ನೋಡುವುದು. ಪ್ಯಾಕೆಟ್ ಬರೀ 24 ಬೈಟ್. ಅದನ್ನು ಯುಡಿಪಿ ಪೋರ್ಟ್ 3784ಕ್ಕೆ ಕಳಿಸುತ್ತದೆ. ಸುದ್ದಿಯನ್ನು ಯಾವ ಪ್ರೋಟೋಕಾಲ್ ಕೇಳಿದರೂ ಕೊಡುತ್ತದೆ. ಒಎಸ್‌ಪಿಎಫ್ ಮತ್ತು ಬಿಜಿಪಿ ಒಂದೇ ಸೆಷನ್ ಹಂಚಿಕೊಳ್ಳಬಹುದು.

ಈಗ ಟೈಮರ್ ಲೆಕ್ಕ. ಇಲ್ಲೇ ಜಾಸ್ತಿ ಜನ ಎಡವುವುದು.

ನಾನು, ನೀವು ಎರಡು ರೂಟರ್ ಎಂದುಕೊಳ್ಳಿ. 300 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್ ಕಳಿಸಬಲ್ಲೆ ಎನ್ನುತ್ತೇನೆ. ನೀವು 500ಕ್ಕಿಂತ ಬೇಗ ಬಂದರೆ ನನಗೆ ಓದಲು ಆಗಲ್ಲ ಎನ್ನುತ್ತೀರಿ. ಆಗ ನಾನು 500ಕ್ಕೆ ಒಂದು ಕಳಿಸುತ್ತೇನೆ. ಇಬ್ಬರಲ್ಲಿ ನಿಧಾನದವರ ಮಾತೇ ನಡೆಯುತ್ತದೆ. ಎಷ್ಟು ಹೊತ್ತು ಪ್ಯಾಕೆಟ್ ಬರದಿದ್ದರೆ ನೀವು ನನ್ನನ್ನು ಸತ್ತ ಎನ್ನುತ್ತೀರಿ? ಆ 500ಕ್ಕೆ ನನ್ನ ಮಲ್ಟಿಪ್ಲೈಯರ್ ಗುಣಿಸಿ. ಗಮನಿಸಿ, ನಿಮ್ಮದಲ್ಲ, ನನ್ನದು. ನನ್ನ ಮಲ್ಟಿಪ್ಲೈಯರ್ 3 ಆದರೆ ನೀವು 1500 ಮಿಲಿಸೆಕೆಂಡ್ ಕಾಯುತ್ತೀರಿ. ಅಂದರೆ ನಿಮ್ಮ ರೂಟರ್‌ನಲ್ಲಿ ಮಲ್ಟಿಪ್ಲೈಯರ್ ಬದಲಿಸಿದರೆ ತಾಳ್ಮೆ ಬದಲಾಗುವುದು ಎದುರಿನ ರೂಟರ್‌ನದ್ದು! ಒಂದು ಕಡೆ ಮಾತ್ರ ಬದಲಿಸಿ ‘ಏನೂ ಪರಿಣಾಮ ಇಲ್ಲವಲ್ಲ’ ಎನ್ನುವವರನ್ನು ತುಂಬ ನೋಡಿದ್ದೇನೆ. ಎರಡೂ ಕಡೆ ಒಂದೇ ಅಂಕಿ ಇಟ್ಟುಬಿಟ್ಟರೆ ಈ ತಲೆಬಿಸಿಯೇ ಇಲ್ಲ.

ನಿಮ್ಮ 50 ಗುಣಿಸು 3 ಅಂದರೆ 150 ಮಿಲಿಸೆಕೆಂಡ್. ಅಷ್ಟು ಹೊತ್ತು ಒಂದೂ ಪ್ಯಾಕೆಟ್ ಬರದಿದ್ದರೆ ಬಿಎಫ್‌ಡಿ ಕೂಗುತ್ತದೆ. ಒಎಸ್‌ಪಿಎಫ್ ಅದನ್ನು ಪರೀಕ್ಷೆ ಮಾಡಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅದು. ಕೂಡಲೇ ನೇಬರನ್ನು ಕೆಡವುತ್ತದೆ, ಎಲ್ಲ ರೂಟರ್‌ಗಳಿಗೂ ಸುದ್ದಿ ಹರಡುತ್ತದೆ, ಎಲ್ಲ ಕಡೆ ದಾರಿ ಹೊಸದಾಗಿ ಲೆಕ್ಕ ಆಗುತ್ತದೆ. ಹಾಗಾಗಿ ಟೈಮರ್ ಆರಿಸುವಾಗ ನಾನು ‘ಎಷ್ಟು ಬೇಗ ಗೊತ್ತಾಗಬೇಕು’ ಎಂದು ಶುರು ಮಾಡಲ್ಲ. ‘ಈ ದಾರಿಯಲ್ಲಿ ಏನೂ ಕೆಡದೆಯೂ ಎಷ್ಟು ಹೊತ್ತು ಪ್ಯಾಕೆಟ್ ನಿಲ್ಲಬಹುದು’ ಎಂದು ಶುರು ಮಾಡುತ್ತೇನೆ. ಅದಕ್ಕಿಂತ ಧಾರಾಳವಾಗಿ ಮೇಲೆ ಇಡುತ್ತೇನೆ.

ಏನೂ ಕೆಡದೆಯೂ ಪ್ಯಾಕೆಟ್ ನಿಲ್ಲುವುದು ಮೂರು ಕಡೆ.

ಮೊದಲನೆಯದು ಪ್ರೊವೈಡರ್‌ನ ಒಳಗೆ. ಸರ್ಕ್ಯೂಟ್ ಆಪ್ಟಿಕಲ್ ರಿಂಗ್ ಮೇಲಿದ್ದರೆ ಅದಕ್ಕೆ ತನ್ನದೇ ರಕ್ಷಣೆ ಇರುತ್ತದೆ. ಒಂದು ಕಡೆ ಕಟ್ ಆದರೆ ಇನ್ನೊಂದು ಕಡೆಯಿಂದ ತಿರುಗಿಸುತ್ತದೆ. ಆ ಬದಲಾವಣೆಗೆ 50 ಮಿಲಿಸೆಕೆಂಡ್ ಎನ್ನುವುದು ಹಳೆಯ ಎಸ್‌ಡಿಎಚ್ (ಫೈಬರ್ ಟೆಲಿಕಾಂ ಜಾಲದ ತಂತ್ರ) ಕಾಲದಿಂದ ಬಂದ ಗುರಿ. ಮೇಲಿನ ಸ್ವಿಚ್‌ಗಳು ಸರಿಹೋಗುವಷ್ಟರಲ್ಲಿ ಇನ್ನೂ ಜಾಸ್ತಿ ಆಗಬಹುದು. ನಾನು ಒಮ್ಮೆ ಇಂಥದ್ದೇ ಸರ್ಕ್ಯೂಟ್ ಮೇಲೆ ನಿಮ್ಮ ಹಾಗೆಯೇ 50 ಗುಣಿಸು 3 ಇಟ್ಟಿದ್ದೆ. ರಿಂಗ್ ಒಂದು ಸಲ ತಿರುಗಿತು, ಒಂದೇ ಏಟಿಗೆ ಹನ್ನೆರಡು ನೇಬರ್ ಬಿದ್ದವು. ತಮಾಷೆ ಏನೆಂದರೆ, ಬಿಎಫ್‌ಡಿ ಹಾಕುವ ಮುಂಚೆಯೂ ಆ ರಿಂಗ್ ತಿರುಗುತ್ತಲೇ ಇತ್ತು. ಯಾರಿಗೂ ಗೊತ್ತೇ ಆಗಿರಲಿಲ್ಲ. ಕೆಳಗಿನ ಪದರ ತಾನೇ ರಿಪೇರಿ ಮಾಡಿಕೊಳ್ಳುವುದಾದರೆ ಅದಕ್ಕೆ ಸಮಯ ಕೊಡಿ.

ಎರಡನೆಯದು ಲಿಂಕ್ ತುಂಬಿದಾಗ. ನೀವು ರಾತ್ರಿ ಎಂದಿರಿ. ನನ್ನ ಮೊದಲ ಅನುಮಾನ ರಾತ್ರಿ ಓಡುವ ಬ್ಯಾಕಪ್ ಮೇಲೆ. ಬಿಎಫ್‌ಡಿ ಪ್ಯಾಕೆಟ್‌ಗೆ ರೂಟರ್ ಸಾಮಾನ್ಯವಾಗಿ ಕಂಟ್ರೋಲ್ ಟ್ರಾಫಿಕ್‌ನ ಗುರುತು ಹಾಕುತ್ತದೆ, ಡಿಎಸ್‌ಸಿಪಿ 48. ನಿಮ್ಮ ರೂಟರ್‌ನ ಕ್ಯೂನಲ್ಲಿ ಅದಕ್ಕೆ ಮುಂದಿನ ಜಾಗ ಸಿಗಬಹುದು. ಆದರೆ ನೀವು ಕೊಂಡದ್ದು 100 ಎಂಬಿಪಿಎಸ್, ಪೋರ್ಟ್ 1 ಜಿಬಿಪಿಎಸ್ ಆಗಿದ್ದರೆ? ರೂಟರ್ ದೃಷ್ಟಿಯಲ್ಲಿ ಲಿಂಕ್ ಯಾವತ್ತೂ ತುಂಬುವುದೇ ಇಲ್ಲ. ಆಚೆ ಪ್ರೊವೈಡರ್‌ನ ಪೋಲೀಸರ್ 100 ದಾಟಿದ್ದನ್ನು ಕತ್ತರಿಸುತ್ತದೆ, ಹಲವು ಸಲ ಗುರುತನ್ನೂ ನೋಡದೆ. ಮದ್ದು ಸುಲಭ: ನಿಮ್ಮ ರೂಟರ್‌ನಲ್ಲೇ ಶೇಪರ್ (ಮಿತಿ ಮೀರಿದ್ದನ್ನು ಸರದಿಯಲ್ಲಿ ನಿಲ್ಲಿಸುವ ವ್ಯವಸ್ಥೆ) ಹಾಕಿ, ಕೊಂಡ ವೇಗಕ್ಕಿಂತ ತುಸು ಕಮ್ಮಿ, ಉದಾಹರಣೆಗೆ 95ಕ್ಕೆ. ಆಗ ಸರದಿ ನಿಲ್ಲುವುದು ನಿಮ್ಮ ಮನೆಯೊಳಗೆ. ಅಲ್ಲಿ ಬಿಎಫ್‌ಡಿಗೆ ಆದ್ಯತೆ ಕೊಡುವುದು ನಿಮ್ಮ ಕೈಯಲ್ಲಿದೆ. ಎದುರಿನ ರೂಟರ್‌ನಲ್ಲೂ ಹೀಗೇ ಮಾಡಬೇಕು. ತಪ್ಪಿದರೆ ಅರ್ಧ ಕೆಲಸ ಆದಂತೆ.

ಮೂರನೆಯದು ರೂಟರ್‌ನ ಸಿಪಿಯು. ದೊಡ್ಡ ರೂಟರ್‌ಗಳಲ್ಲಿ ಬಿಎಫ್‌ಡಿ ಕೆಲಸವನ್ನು ಲೈನ್ ಕಾರ್ಡ್ ಅಥವಾ ಚಿಪ್ ಮಾಡುತ್ತದೆ. ಸಣ್ಣವುಗಳಲ್ಲಿ ಎಲ್ಲವನ್ನೂ ಮಾಡುವ ಅದೇ ಸಿಪಿಯು ಇದನ್ನೂ ಮಾಡಬೇಕು. 50 ಮಿಲಿಸೆಕೆಂಡಿಗೆ ಒಂದು ಅಂದರೆ ಸೆಕೆಂಡಿಗೆ 20ರ ಮೇಲೆ. ಬ್ಯಾಂಡ್‌ವಿಡ್ತ್ ಲೆಕ್ಕ ಹಾಕಿದರೆ ಏನೇನೂ ಅಲ್ಲ, ಈಥರ್ನೆಟ್ ಹೆಡರ್ ಎಲ್ಲ ಸೇರಿ ಪ್ಯಾಕೆಟ್‌ಗೆ 70 ಬೈಟ್, ಒಟ್ಟು ಹನ್ನೆರಡು ಹದಿನೈದು ಕೆಬಿಪಿಎಸ್. ಕಷ್ಟ ಇರುವುದು ಹೊತ್ತಿಗೆ ಸರಿಯಾಗಿ ಕಳಿಸುವುದರಲ್ಲಿ. ಮಾನಿಟರಿಂಗ್ ಸರ್ವರ್ ಎಸ್‌ಎನ್‌ಎಂಪಿಯಲ್ಲಿ ಇಡೀ ರೂಟಿಂಗ್ ಟೇಬಲ್ ಎಳೆದಾಗ, ಕಾನ್ಫಿಗ್ ಬ್ಯಾಕಪ್ ಓಡಿದಾಗ, ಸಿಪಿಯು 150 ಮಿಲಿಸೆಕೆಂಡ್ ತಡವರಿಸಿದರೆ ಸಾಕು.

ಮೂರರಲ್ಲಿ ನಿಮ್ಮದು ಯಾವುದು? ಊಹೆ ಮಾಡಬೇಕಿಲ್ಲ. ಬಿಎಫ್‌ಡಿ ಬಿದ್ದಾಗ ಡಯಾಗ್ನೋಸ್ಟಿಕ್ ಕೋಡ್ ಒಂದನ್ನು ಬಿಟ್ಟುಹೋಗುತ್ತದೆ. 1 ಅಂದರೆ ‘ನನಗೆ ಪ್ಯಾಕೆಟ್ ಬರಲಿಲ್ಲ, ಕಾದು ಸಾಕಾಯಿತು’. 3 ಅಂದರೆ ‘ಎದುರಿನವನು ಡೌನ್ ಅಂದ, ಅದಕ್ಕೆ ನಾನೂ ಡೌನ್’. 7 ಅಂದರೆ ಯಾರೋ ಕೈಯಾರೆ ನಿಲ್ಲಿಸಿದ್ದು. ಎರಡೂ ರೂಟರ್‌ಗಳ ಲಾಗ್ ಪಕ್ಕಪಕ್ಕ ಇಟ್ಟು ನೋಡಿ. ಎ ಕಡೆ 1, ಬಿ ಕಡೆ 3 ಇದ್ದರೆ ಬಿ ಇಂದ ಎ ಗೆ ಬರುವ ದಿಕ್ಕಿನಲ್ಲಿ ಪ್ಯಾಕೆಟ್ ಕಳೆದುಹೋಯಿತು. ಆಗ ಆ ದಿಕ್ಕಿನ ಟ್ರಾಫಿಕ್ ಗ್ರಾಫ್, ಬಿ ರೂಟರ್‌ನ ಸಿಪಿಯು ನೋಡಿ. ಎರಡೂ ಕಡೆ 1 ಇದ್ದರೆ ಎರಡೂ ದಿಕ್ಕು ಒಟ್ಟಿಗೆ ನಿಂತಿದೆ. ಆಗ ಅನುಮಾನ ಪ್ರೊವೈಡರ್‌ನ ರಿಂಗ್ ಮೇಲೆ. ಇದಕ್ಕೆಲ್ಲ ಎರಡೂ ರೂಟರ್‌ಗಳ ಗಡಿಯಾರ ಎನ್‌ಟಿಪಿಯಿಂದ ಸರಿ ಇರಬೇಕು, ಅಲ್ವಾ? ಅದನ್ನು ಮೊದಲು ನೋಡಿಕೊಳ್ಳಿ.

ಕಾನ್ಫಿಗರೇಶನ್ ಎರಡು ಸಾಲಿನ ಕೆಲಸ. ಸಿಸ್ಕೋ ಐಒಎಸ್‌ನಲ್ಲಿ ಇಂಟರ್‌ಫೇಸ್ ಒಳಗೆ ಹೀಗೆ:

ಬಿಎಫ್‌ಡಿ ಇಂಟರ್ವಲ್ 300 ಮಿನ್_ಆರ್‌ಎಕ್ಸ್ 300 ಮಲ್ಟಿಪ್ಲೈಯರ್ 3
ಐಪಿ ಒಎಸ್‌ಪಿಎಫ್ ಬಿಎಫ್‌ಡಿ

ಮೊದಲ ಸಾಲು ಟೈಮರ್ ಇಡುತ್ತದೆ ಅಷ್ಟೆ, ಸೆಷನ್ ಹುಟ್ಟಿಸಲ್ಲ. ಎರಡನೆಯ ಸಾಲು ಒಎಸ್‌ಪಿಎಫ್ ಹೋಗಿ ಬಿಎಫ್‌ಡಿಯನ್ನು ಕೇಳುವಂತೆ ಮಾಡುತ್ತದೆ. ಎರಡನೆಯದನ್ನು ಮರೆತು ‘ಬಿಎಫ್‌ಡಿ ಕೆಲಸ ಮಾಡ್ತಿಲ್ಲ’ ಎನ್ನುವುದು ಬಲು ಸಾಮಾನ್ಯ. ಜುನಿಪರ್‌ನಲ್ಲಿ ಒಎಸ್‌ಪಿಎಫ್ ಏರಿಯಾದ ಇಂಟರ್‌ಫೇಸ್ ಕೆಳಗೆ ‘ಬಿಎಫ್‌ಡಿ-ಲೈವ್‌ನೆಸ್-ಡಿಟೆಕ್ಷನ್’ ಎಂಬ ತುಣುಕಿನಲ್ಲಿ ‘ಮಿನಿಮಮ್-ಇಂಟರ್ವಲ್ 300’ ಮತ್ತು ‘ಮಲ್ಟಿಪ್ಲೈಯರ್ 3’. ಲಿನಕ್ಸ್ ಮೇಲೆ ಎಫ್‌ಆರ್‌ಆರ್ ಎಂಬ ರೂಟಿಂಗ್ ಸಾಫ್ಟ್‌ವೇರ್ ಬಳಸುವವರು ಡೀಮನ್ ಫೈಲ್‌ನಲ್ಲಿ ಬಿಎಫ್‌ಡಿಡಿ ಚಾಲೂ ಮಾಡಿ, ಇಂಟರ್‌ಫೇಸ್‌ನಲ್ಲಿ ‘ಐಪಿ ಒಎಸ್‌ಪಿಎಫ್ ಬಿಎಫ್‌ಡಿ’ ಹಾಕಿದರೆ ಆಯಿತು. ಅಲ್ಲಿ 300 ಮತ್ತು 3 ತಾನಾಗಿಯೇ ಬರುತ್ತದೆ. ಆ ಅಂಕಿ ನನ್ನ ಹುಚ್ಚು ಅಲ್ಲ ಎನ್ನಲು ಇದೊಂದು ಸಾಕ್ಷಿ.

ಟೈಮರ್ ಬದಲಿಸಲು ಸೆಷನ್ ಕೆಡವಬೇಕಿಲ್ಲ. ಪೋಲ್ ಎಂಬ ಗುರುತಿರುವ ಪ್ಯಾಕೆಟ್ ಕಳಿಸಿ, ಫೈನಲ್ ಎಂಬ ಉತ್ತರ ಪಡೆದು, ಎರಡೂ ಕಡೆ ಓಡುತ್ತಿರುವಾಗಲೇ ಹೊಸ ಅಂಕಿಗೆ ಹೋಗುತ್ತವೆ. ಆದರೂ ಜನ ಕಮ್ಮಿ ಇರುವ ಹೊತ್ತಿನಲ್ಲಿ ಮಾಡಿ.

ಹಾಕಿದ ಮೇಲೆ ‘ಶೋ ಬಿಎಫ್‌ಡಿ ನೇಬರ್ಸ್ ಡೀಟೇಲ್ಸ್’ ಓದಿ. ಇಲ್ಲೊಂದು ಗುಂಡಿ ಇದೆ. ಬಿಎಫ್‌ಡಿ ಸೆಷನ್ ಹುಟ್ಟುವುದೇ ಒಎಸ್‌ಪಿಎಫ್ ನೇಬರನ್ನು ಕಂಡ ಮೇಲೆ. ಎದುರಿನವರು ಬಿಎಫ್‌ಡಿ ಹಾಕಿರದಿದ್ದರೆ, ಅಥವಾ ಮಧ್ಯೆ ಆಕ್ಸೆಸ್ ಲಿಸ್ಟ್ 3784 ಅನ್ನು ತಡೆದರೆ, ಬಿಎಫ್‌ಡಿ ಡೌನ್ ಆಗಿಯೇ ಕೂತಿರುತ್ತದೆ. ಒಎಸ್‌ಪಿಎಫ್ ಮಾತ್ರ ಫುಲ್ (ಪೂರ್ತಿ ಅಪ್)! ಯಾವತ್ತೂ ಅಪ್ ಆಗದ ಸೆಷನ್ ಬೀಳುವುದಾದರೂ ಹೇಗೆ? ಎಲ್ಲ ಹಸಿರಾಗಿ ಕಾಣುತ್ತದೆ, ಕಟ್ ಆದ ದಿನ ಮತ್ತೆ 40 ಸೆಕೆಂಡ್. ಸಿಪಿಯು ರಕ್ಷಿಸುವ ಪಾಲಿಸಿ ಇದ್ದರೆ ಅಲ್ಲೂ 3784ಕ್ಕೆ, ಎಕೋ ಮೋಡ್ (ಅದಕ್ಕೆ ಮುಂದೆ ಬರುತ್ತೇನೆ) ಬಳಸಿದರೆ 3785ಕ್ಕೆ ಜಾಗ ಬಿಡಿ.

ಇದರ ಉಲ್ಟಾ ಕಾಟವೂ ಇದೆ. ಲಿಂಕ್ ಪೂರ್ತಿ ಸಾಯದೆ ಮೂರರಲ್ಲಿ ಒಂದು ಪ್ಯಾಕೆಟ್ ನುಂಗುತ್ತಿದೆ ಎಂದುಕೊಳ್ಳಿ. ಹಲೋ ಹೇಗೋ ದಾಟುತ್ತದೆ, ಒಎಸ್‌ಪಿಎಫ್ ಏಳುತ್ತದೆ, ಬಿಎಫ್‌ಡಿ ಏಳುತ್ತದೆ, ಸ್ವಲ್ಪ ಹೊತ್ತಿಗೆ ಬಿಎಫ್‌ಡಿ ಬೀಳುತ್ತದೆ, ಒಎಸ್‌ಪಿಎಫ್ ಬೀಳುತ್ತದೆ, ಮತ್ತೆ ಹಲೋ. ಬೆಳಗಿನ ತನಕ ಇದೇ ಆಟ. ಇದಕ್ಕೆ 2023ರಲ್ಲಿ ಬಂದ ಆರ್‌ಎಫ್‌ಸಿ 9355 ಸ್ಟ್ರಿಕ್ಟ್ ಮೋಡ್ ಎನ್ನುವುದನ್ನು ಕೊಟ್ಟಿತು. ಬಿಎಫ್‌ಡಿ ಅಪ್ ಆಗುವ ತನಕ ಒಎಸ್‌ಪಿಎಫ್ ನೇಬರ್ ಮುಂದಕ್ಕೆ ಹೋಗುವುದೇ ಇಲ್ಲ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಅದಿದ್ದರೆ ಹಾಕಿ. ಪದೇ ಪದೇ ಬೀಳುವ ಸೆಷನ್ನನ್ನು ತಡೆಹಿಡಿಯುವ ಡ್ಯಾಂಪನಿಂಗ್ ಇದ್ದರೆ ಅದನ್ನೂ ಹಾಕಿ. ಬೀಳುವಾಗ ಬೇಗ ಬೀಳಲಿ, ಏಳುವಾಗ ನಿಧಾನವಾಗಿ ಏಳಲಿ.

ಎಕೋ ಮೋಡ್ ಬಗ್ಗೆ ಒಂದು ಮಾತು. ಸಿಸ್ಕೋ ಐಒಎಸ್‌ನಲ್ಲಿ ಅದು ತಾನಾಗಿಯೇ ಚಾಲೂ ಇರುತ್ತದೆ. ರೂಟರ್ ತನ್ನದೇ ವಿಳಾಸಕ್ಕೆ ಪ್ಯಾಕೆಟ್ ಬರೆದು ನೇಬರ್ ಕಡೆ ಎಸೆಯುತ್ತದೆ, ನೇಬರ್ ಅದನ್ನು ಮಾಮೂಲಿ ಪ್ಯಾಕೆಟ್ ಎಂಬಂತೆ ವಾಪಸ್ ಕಳಿಸುತ್ತದೆ. ಎದುರಿನ ಸಿಪಿಯುಗೆ ಕೆಲಸ ಕಮ್ಮಿ, ಫಾರ್ವರ್ಡಿಂಗ್ ದಾರಿಯ ಪರೀಕ್ಷೆಯೂ ಆಗುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಬಂದ ಪೋರ್ಟ್‌ನಲ್ಲೇ ಪ್ಯಾಕೆಟ್ ವಾಪಸ್ ಹೋಗುವುದರಿಂದ ಐಸಿಎಂಪಿ ರೀಡೈರೆಕ್ಟ್ (‘ಬೇರೆ ದಾರಿ ಹಿಡಿ’ ಎನ್ನುವ ಸೂಚನೆ) ಹುಟ್ಟಿ ಸಿಪಿಯು ಹೊರೆ ಏರುತ್ತದೆ. ‘ನೋ ಐಪಿ ರೀಡೈರೆಕ್ಟ್ಸ್’ ಹಾಕಲೇಬೇಕು. ಕಳಿಸಿದವರ ವಿಳಾಸ ಸರಿಯೇ ಎಂದು ನೋಡುವ ಯುಆರ್‌ಪಿಎಫ್ ತಪಾಸಣೆ ಇದ್ದರೆ ಅದು ಎಕೋವನ್ನು ಕಳ್ಳ ಪ್ಯಾಕೆಟ್ ಎಂದು ಬಿಸಾಡಬಹುದು. ಎರಡು ಕಡೆ ಬೇರೆ ಬೇರೆ ಕಂಪನಿಯ ರೂಟರ್ ಇದ್ದರೆ ನಾನು ಎಕೋ ಆಫ್ ಮಾಡಿಯೇ ಶುರು ಮಾಡುತ್ತೇನೆ.

ಈಗ ಆ 5-6 ಸೆಕೆಂಡ್. ನೀವು ವಿಲ್ಯಾನ್ ತೆಗೆದು ಪರೀಕ್ಷೆ ಮಾಡಿದ್ದು ತುಂಬ ಸರಿ. ಜಾಸ್ತಿ ಜನ ರೂಟರ್‌ನ ಕೇಬಲ್ಲನ್ನೇ ಕಿತ್ತು ನೋಡುತ್ತಾರೆ. ಆಗ ಪೋರ್ಟ್ ಡೌನ್ ಆಗಿ ಬಿಎಫ್‌ಡಿಗೆ ಕೆಲಸವೇ ಇರಲ್ಲ. ನಿಮ್ಮಲ್ಲಿ ಬಿಎಫ್‌ಡಿ 150 ಮಿಲಿಸೆಕೆಂಡಿಗೆ ಹೇಳಿಬಿಟ್ಟಿದೆ, ಲಾಗ್‌ನ ಸಮಯ ನೋಡಿದರೆ ಕಾಣುತ್ತದೆ. ಆಮೇಲೆ ಒಎಸ್‌ಪಿಎಫ್ ಹೊಸ ದಾರಿ ಲೆಕ್ಕ ಹಾಕುವ ಮುಂಚೆ ಸುಮ್ನೆ ಕೂತಿದೆ. ಹಳೆಯ ಐಒಎಸ್‌ಗಳಲ್ಲಿ ಎಸ್‌ಪಿಎಫ್ ಎಂಬ ಈ ದಾರಿ ಲೆಕ್ಕ ಶುರುವಾಗುವ ಮುಂಚಿನ ಕಾಯುವಿಕೆ 5000 ಮಿಲಿಸೆಕೆಂಡ್. ಸಿಪಿಯುಗಳು ಬಡವಾಗಿದ್ದ ಕಾಲದ ಪಳೆಯುಳಿಕೆ ಅದು. ಹೊಸ ಐಒಎಸ್-ಎಕ್ಸ್‌ಇ ಆವೃತ್ತಿಗಳಲ್ಲಿ 50ಕ್ಕೆ ಇಳಿಸಿದ್ದಾರೆ. ನಿಮ್ಮ ಲಕ್ಷಣ ನೋಡಿದರೆ ಹಳೆಯದೇ ಇರಬೇಕು. ‘ಶೋ ಐಪಿ ಒಎಸ್‌ಪಿಎಫ್’ನಲ್ಲಿ ಇನಿಷಿಯಲ್ ಎಸ್‌ಪಿಎಫ್ ಡಿಲೇ ಸಾಲು ನೋಡಿ. 5000 ಎಂದಿದ್ದರೆ ಒಎಸ್‌ಪಿಎಫ್ ಪ್ರೋಸೆಸ್ ಒಳಗೆ:

ಟೈಮರ್ಸ್ ಥ್ರಾಟಲ್ ಎಸ್‌ಪಿಎಫ್ 50 200 5000

ಮೊದಲ ಸಲ 50 ಮಿಲಿಸೆಕೆಂಡಿಗೇ ಲೆಕ್ಕ. ಬದಲಾವಣೆ ಮೇಲಿಂದ ಮೇಲೆ ಬಂದರೆ ಅಂತರ 200, 400 ಎಂದು ದ್ವಿಗುಣವಾಗುತ್ತಾ 5000ದ ತನಕ ಹೋಗುತ್ತದೆ. ಎಲ್ಲ ರೂಟರ್‌ಗಳಲ್ಲೂ ಒಂದೇ ಅಂಕಿ ಇಡಿ. ಒಬ್ಬ ಬೇಗ, ಒಬ್ಬ ನಿಧಾನ ಆದರೆ ಆ ನಡುವೆ ಪ್ಯಾಕೆಟ್‌ಗಳು ಎರಡು ರೂಟರ್‌ಗಳ ಮಧ್ಯೆ ಗಿರಕಿ ಹೊಡೆಯುತ್ತವೆ. ಈ ಒಂದು ಸಾಲು ನಿಮಗೆ ಐದು ಸೆಕೆಂಡ್ ಉಳಿಸುತ್ತದೆ. 900ರ (300 ಗುಣಿಸು 3) ಬದಲು 150ಕ್ಕೆ ಪತ್ತೆ ಹಚ್ಚಿ ಉಳಿಸುವುದು ಮುಕ್ಕಾಲು ಸೆಕೆಂಡ್ ಮಾತ್ರ.

ಬಿಜಿಪಿ ವಿಷಯ. ಹೊರಗಿನ ನೇಬರ್ ಜೊತೆ ನೇರ ಲಿಂಕ್ ಮೇಲೆ ಓಡುವ ಇಬಿಜಿಪಿಗೆ ಖಂಡಿತ ಹಾಕಿ. 180 ಸೆಕೆಂಡ್ ಕಾಯುವುದಕ್ಕಿಂತ ಎಷ್ಟೋ ಮೇಲು. ಸಿಸ್ಕೋದಲ್ಲಿ ನೇಬರ್ ಸಾಲಿಗೆ ‘ಫಾಲ್-ಓವರ್ ಬಿಎಫ್‌ಡಿ’ ಸೇರಿಸಿದರೆ ಆಯಿತು. ಆದರೆ ಎದುರಿನವರನ್ನು ಕೇಳಿ ಮಾಡಿ, ಅವರು ಹಾಕದೆ ಅದು ಏಳುವುದಿಲ್ಲ. ಅವರಿಗೂ ಕನಿಷ್ಠ ಅಂಕಿಯ ನಿಯಮ ಇರುತ್ತದೆ. ಲೂಪ್‌ಬ್ಯಾಕ್‌ಗಳ (ಯಾವ ಪೋರ್ಟ್‌ಗೂ ಅಂಟದ, ರೂಟರ್ ಒಳಗಿನ ವಿಳಾಸ) ನಡುವಿನ ಐಬಿಜಿಪಿಗೆ (ಒಂದೇ ಜಾಲದೊಳಗಿನ ಬಿಜಿಪಿ) ಮಾತ್ರ ನಾನು ಹಾಕಲ್ಲ. ಅಲ್ಲಿ ಬೇಕಾಗುವುದು ನಡುವಿನ ರೂಟರ್‌ಗಳನ್ನು ದಾಟಿ ಹೋಗುವ ಮಲ್ಟಿಹಾಪ್ ಬಿಎಫ್‌ಡಿ, ಪೋರ್ಟ್ 4784. ಮಧ್ಯದ ಒಂದು ಲಿಂಕ್ ಕಟ್ ಆದರೆ ಒಎಸ್‌ಪಿಎಫ್ ಬೇರೆ ದಾರಿ ಹುಡುಕುತ್ತಿರುತ್ತದೆ. ಅಷ್ಟರಲ್ಲಿ ಈ ಬಿಎಫ್‌ಡಿ ಅವಸರ ಮಾಡಿ ಬಿಜಿಪಿಯನ್ನೇ ಕೆಡವುತ್ತದೆ. ಅರ್ಧ ಸೆಕೆಂಡಿನ ತೊಂದರೆ ಸಾವಿರಾರು ರೂಟ್‌ಗಳನ್ನು ಮತ್ತೆ ಕಲಿಯುವ ಕೆಲಸ ಆಗಿಬಿಡುತ್ತದೆ. ಕೆಳಗೆ ಒಎಸ್‌ಪಿಎಫ್‌ಗೆ ಬಿಎಫ್‌ಡಿ ಇದ್ದರೆ ಐಬಿಜಿಪಿಗೆ ಅದೇ ಸಾಕು.

ನಿಮ್ಮ ಲಿಂಕ್‌ಗಳಲ್ಲಿ ಯಾವುದಾದರೂ ಎರಡು ಮೂರು ಪೋರ್ಟ್ ಕಟ್ಟಿದ ಬಂಡಲ್ ಆಗಿದ್ದರೆ, ಮಾಮೂಲಿ ಸೆಷನ್‌ನ ಪ್ಯಾಕೆಟ್‌ಗಳು ಅದರಲ್ಲಿ ಒಂದೇ ವೈರ್ ಹಿಡಿದು ಹೋಗುತ್ತವೆ. ಉಳಿದವು ಸತ್ತರೂ ಅದಕ್ಕೆ ಸುದ್ದಿಯಿಲ್ಲ. ಪ್ರತಿ ವೈರ್‌ಗೂ ಒಂದೊಂದು ಸೆಷನ್ ಓಡಿಸುವ ಮೈಕ್ರೋ-ಬಿಎಫ್‌ಡಿ ಇದೆ, ಆರ್‌ಎಫ್‌ಸಿ 7130. ಎರಡು ತುದಿಯ ಉಪಕರಣವೂ ಅದನ್ನು ಬಲ್ಲದ್ದಾಗಿರಬೇಕು.

ಪರೀಕ್ಷೆಗೆ ಮತ್ತೆ ವಿಲ್ಯಾನ್ ತೆಗೆಯುವ ವಿಧಾನವನ್ನೇ ಬಳಸಿ. ಈ ಸಲ ಪಿಂಗನ್ನು 10 ಮಿಲಿಸೆಕೆಂಡಿಗೊಂದರಂತೆ ಬಿಡಿ. ಕಳೆದುಹೋದ ಪಿಂಗ್‌ಗಳನ್ನು ಎಣಿಸಿ ಹತ್ತರಿಂದ ಗುಣಿಸಿದರೆ ಎಷ್ಟು ಮಿಲಿಸೆಕೆಂಡ್ ನಿಂತಿತು ಎಂದು ಗೊತ್ತಾಗುತ್ತದೆ. 900 ಪತ್ತೆಗೆ, 50 ಕಾಯಲು, ಮೇಲೆ ಲೆಕ್ಕ ಹಾಕಿ ಟೇಬಲ್ ಬರೆಯಲು ಒಂದಿಷ್ಟು. ಒಂದೂವರೆ ಸೆಕೆಂಡ್ ದಾಟಿದರೆ ಇನ್ನೇನೋ ಅಡ್ಡ ಇದೆ ಎಂದರ್ಥ.

ಎರಡು ವಾರ ಹೀಗೇ ಬಿಟ್ಟು ನೋಡಿ. ರಾತ್ರಿ ಬೀಳುವುದು ನಿಂತರೆ, 50ರ ಅವಸರವೇ ಕಾರಣ. 300ರಲ್ಲೂ ಕೋಡ್ 1 ಬಂದರೆ ಆ ಲಿಂಕ್ ಸುಮಾರು ಒಂದು ಸೆಕೆಂಡ್ ನಿಜವಾಗಿಯೂ ಸತ್ತಿದೆ. ಆಗ ಶೇಪರ್, ಸಿಪಿಯು ಎರಡೂ ಸರಿ ಇವೆ ಎಂದು ಖಾತ್ರಿ ಮಾಡಿಕೊಳ್ಳಿ. ಎರಡೂ ರೂಟರ್‌ನ ಲಾಗ್ ಸಾಲುಗಳನ್ನು ಸಮಯ, ದಿಕ್ಕು ಸಮೇತ ಪ್ರೊವೈಡರ್‌ಗೆ ಕಳಿಸಿ. ಅದೇ ಹೊತ್ತಿಗೆ ಅವರ ಉಪಕರಣದಲ್ಲಿ ಪ್ರೊಟೆಕ್ಷನ್ ಸ್ವಿಚ್ ಆಗಿದೆಯಾ, ಪೋಲೀಸರ್‌ನ ಡ್ರಾಪ್ ಎಣಿಕೆ ಏರಿದೆಯಾ ಎಂದು ಈ ಎರಡನ್ನೇ ಹೆಸರಿಟ್ಟು ಕೇಳಿ.